ಹಾಜರಿ ಪುಸ್ತಕದಲ್ಲಿ 18,689 ಗುರುತು

ತಾನು ಹುಟ್ಟಿದ ದಿನ ಯಾವುದೆಂದು ರಾಬರ್ಟ್ ಸಿ. ಬರ್ಡ್ ಅವರಿಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಜನವರಿ 15ನ್ನೇ ಹುಟ್ಟುಹಬ್ಬವೆಂದು ನಂಬಿಕೊಂಡಿದ್ದರು. 1971ರಲ್ಲಿ ಒಡಹುಟ್ಟಿದ ಹಿರಿಯಣ್ಣ ತಿದ್ದಿದ: ಸರಿಯಾದ ತಾರೀಖು 1917ರ ನವೆಂಬರ್ 20. ಕೂತಲ್ಲೇ ಅವರ ವಯಸ್ಸು 56 ದಿನ ಹೆಚ್ಚಾಯಿತು.

ಹುಟ್ಟಿದ ದಿನದ ಲೆಕ್ಕವೇ ತಪ್ಪಿದ್ದ ಈ ಮನುಷ್ಯನ ಉಳಿದ ಬದುಕನ್ನು ಅಮೆರಿಕದ ಸಂಸತ್ತು ಒಂದು ದಿನವೂ ಬಿಡದೆ ಎಣಿಸಿಟ್ಟಿದೆ. 2006ರ ಜೂನ್ 12ಕ್ಕೆ ಮೇಲ್ಮನೆಯಾದ ಸೆನೆಟ್‌ನಲ್ಲಿ 17,327 ದಿನ. ಸ್ಟ್ರಾಮ್ ಥರ್ಮಂಡ್ ಹೆಸರಿನಲ್ಲಿದ್ದ ದಾಖಲೆ ಮುರಿಯಿತು. 2009ರ ನವೆಂಬರ್ 18ಕ್ಕೆ ಎರಡೂ ಸದನ ಸೇರಿ 20,774 ದಿನ; ಅರಿಜೋನಾದ ಕಾರ್ಲ್ ಹೇಡನ್ ದಾಖಲೆಯೂ ಹೋಯಿತು. 2010ರ ಜೂನ್ 28ರಂದು 92ನೇ ವಯಸ್ಸಿನಲ್ಲಿ ಕಣ್ಣು ಮುಚ್ಚುವಾಗಲೂ ಅವರು ಮಾಜಿ ಆಗಿರಲಿಲ್ಲ. ಆ ಕುರ್ಚಿಯಿಂದ ಅವರನ್ನು ಎಬ್ಬಿಸಲು ಸಾವೇ ಬರಬೇಕಾಯಿತು.

57 ವರ್ಷ, ಮೇಲೆ ಸುಮಾರು ಆರು ತಿಂಗಳು. ಇದು ದೊಡ್ಡ ಸಂಖ್ಯೆ ಅಂತ ಬಾಯಲ್ಲಿ ಹೇಳಿದರೆ ಅದರ ತೂಕ ಗೊತ್ತಾಗುವುದಿಲ್ಲ. ಹೀಗೆ ನೋಡಿ: ಅಮೆರಿಕದ ಸಂವಿಧಾನದಡಿ ಸಂಸತ್ತು ಶುರುವಾದದ್ದು 1789ರಲ್ಲಿ. ಅಲ್ಲಿಂದ 2010ಕ್ಕೆ 221 ವರ್ಷ. ಅಂದರೆ ಆ ಸಂಸತ್ತಿನ ಇಡೀ ಆಯುಸ್ಸಿನ ಕಾಲು ಭಾಗಕ್ಕೂ ಹೆಚ್ಚು ಕಾಲ ಈ ಒಬ್ಬ ಮನುಷ್ಯ ಒಳಗೆ ಕೂತಿದ್ದ. 1953ರ ಜನವರಿಯಲ್ಲಿ ಅವರು ಕೆಳಮನೆಗೆ ಕಾಲಿಟ್ಟಾಗ ಅಮೆರಿಕದ ಬಾವುಟದಲ್ಲಿ 48 ನಕ್ಷತ್ರಗಳಿದ್ದವು. 1959ರ ಜನವರಿ 3ರಂದು ಅವರ ಸೆನೆಟ್ ಅವಧಿ ಆರಂಭವಾಯಿತು. ಅದೇ ದಿನ ಅಲಾಸ್ಕ 49ನೇ ರಾಜ್ಯವಾಗಿ ಸೇರಿಕೊಂಡಿತು. ಹವಾಯಿ ಆಮೇಲೆ ಬಂತು. ಅಧ್ಯಕ್ಷರನ್ನು ಎಣಿಸುವುದಾದರೆ ಐಸೆನ್‌ಹೋವರ್‌ನಿಂದ ಒಬಾಮಾವರೆಗೆ 11 ಮಂದಿ. ಟ್ರೂಮನ್ ಅವರ ಕೊನೆಯ ಹದಿನೇಳು ದಿನಗಳನ್ನೂ ಸೇರಿಸಿದರೆ 12. ಯಾವ ಅಧ್ಯಕ್ಷನ ಕೈಕೆಳಗೂ ತಾನು ದುಡಿದಿಲ್ಲ, ಜೊತೆಗೆ ದುಡಿದಿದ್ದೇನೆ ಎನ್ನುವುದು ಬರ್ಡ್ ಅವರ ಖಾಯಂ ವರಸೆ. ಕೊಬ್ಬಿನ ಮಾತು ಅನ್ನಿಸಬಹುದು. ಆದರೆ ಸಂವಿಧಾನದ ಪುಟ್ಟ ಪ್ರತಿಯೊಂದನ್ನು ಸದಾ ಜೇಬಿನಲ್ಲಿಟ್ಟು ತಿರುಗುತ್ತಿದ್ದ ಮನುಷ್ಯ ಆಡಿದ ಮಾತು ಅದು.

ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ವರ್ಷಗಳಲ್ಲ, ಮತಗಳು. ಸೆನೆಟ್‌ನಲ್ಲಿ ಹೆಸರು ಕೂಗಿ ಮತ ಪಡೆಯುವ ಪದ್ಧತಿ ಇದೆ. ಗುಮಾಸ್ತ ಹೆಸರು ಓದುತ್ತಾನೆ, ಸದಸ್ಯ ಹೌದು ಅಥವಾ ಇಲ್ಲ ಅನ್ನುತ್ತಾನೆ, ದಾಖಲೆಗೆ ಹೋಗುತ್ತದೆ. ಬರ್ಡ್ ಹೀಗೆ ಬಾಯಿಬಿಟ್ಟು ಹಾಕಿದ ಮತಗಳು 18,689. ಸೆನೆಟ್‌ನಲ್ಲಿ ಅವರು ಕಳೆದ ದಿನಗಳು 18,804. ಭಾನುವಾರ, ಕ್ರಿಸ್‌ಮಸ್, ಬೇಸಿಗೆ ರಜೆ, ಕಾಯಿಲೆ, ಚುನಾವಣೆ, ಎಲ್ಲ ಸೇರಿಸಿದರೂ ಹೆಚ್ಚುಕಡಿಮೆ ದಿನಕ್ಕೊಂದು ಮತ! ನಂಬಿಕೆಯಾಗದೆ ಭಾಗಾಕಾರವನ್ನು ಇನ್ನೊಮ್ಮೆ ಮಾಡಿ ನೋಡಿದೆ, ಉತ್ತರ ಬದಲಾಗಲಿಲ್ಲ. ಒಂದು ಮತದಾನಕ್ಕೆ ಸಾಮಾನ್ಯವಾಗಿ ಕಾಲು ಗಂಟೆ ನಿಗದಿ. ಆ ಲೆಕ್ಕ ಹಿಡಿದರೆ ಬರೀ ಹೌದು, ಇಲ್ಲ ಎನ್ನುವುದಕ್ಕೇ ಹಗಲು ರಾತ್ರಿ ಸೇರಿ 194 ದಿನಕ್ಕೂ ಹೆಚ್ಚು ಹೊತ್ತು ಬೇಕು. ಕರೆದ ಮತದಾನಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕಿ ಹಾಜರಿ. ಮೇಷ್ಟ್ರ ಮಗನಿಗೂ ಇರದ ಹಾಜರಿ ಇದು.

ಮೇಷ್ಟ್ರ ಮಗನಲ್ಲ, ಗಣಿ ಕೂಲಿಯ ಸಾಕುಮಗ. ಹುಟ್ಟಿದ್ದು ಉತ್ತರ ಕೆರೊಲಿನಾದಲ್ಲಿ, ಕಾರ್ನೀಲಿಯಸ್ ಕ್ಯಾಲ್ವಿನ್ ಸೇಲ್ ಎಂಬ ಹೆಸರಿನಲ್ಲಿ. ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. 1918ರ ಆ ಮಾರಿ ಇನ್‌ಫ್ಲುಯೆಂಜಾ ತಾಯಿಯನ್ನು ಕೊಂಡೊಯ್ದಿತು. ಅಪ್ಪ ಮಕ್ಕಳನ್ನು ನೆಂಟರಿಷ್ಟರಿಗೆ ಹಂಚಿದ. ಕಿರಿಯದು ಟೈಟಸ್ ಬರ್ಡ್ ಮತ್ತು ಅವನ ಹೆಂಡತಿಯ ಪಾಲಿಗೆ ಬಂತು, ಹೊಸ ಹೆಸರು ಹೊತ್ತುಕೊಂಡು ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಕೇರಿಗಳಲ್ಲಿ ಬೆಳೆಯಿತು. 1934ರಲ್ಲಿ ಹೈಸ್ಕೂಲಿಗೇ ಮೊದಲಿಗನಾಗಿ ಪಾಸಾದ ಹುಡುಗನಿಗೆ ಕಾಲೇಜಿಗೆ ಹೋಗಲು ಕಾಸಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ದುಡಿದ, ದಿನಸಿ ಅಂಗಡಿಯಲ್ಲಿ ಮಾಂಸ ಕತ್ತರಿಸಿದ, ಯುದ್ಧಕಾಲದಲ್ಲಿ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿದ. 1937ರಲ್ಲಿ ಗಣಿ ಕಾರ್ಮಿಕನ ಮಗಳು ಎರ್ಮಾಳನ್ನು ಮದುವೆಯಾದ. ಹೊಸ ಸಂಸಾರದ ಮೊದಲ ಫ್ರಿಜ್ಜು ಅಂದರೆ ಅಡುಗೆಮನೆ ಕಿಟಕಿಯ ಹೊರಗೆ ಮೊಳೆ ಹೊಡೆದು ಕೂರಿಸಿದ ಅರ್ಧ ಕಿತ್ತಳೆ ಪೆಟ್ಟಿಗೆ. ಚಳಿಗಾಲದಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಈ ಪೆಟ್ಟಿಗೆಯ ಕಥೆಯನ್ನು ಅವರು ಮುಪ್ಪಿನವರೆಗೂ ಹೇಳುತ್ತಲೇ ಬಂದರು.

ಇನ್ನೊಂದು ಕಥೆಯನ್ನು ಹೇಳುವಾಗ ಮಾತ್ರ ತಲೆ ತಗ್ಗಿಸಬೇಕಾಗುತ್ತಿತ್ತು. ಅದಕ್ಕೂ ಸಂಖ್ಯೆಗಳಿವೆ. 1940ರ ದಶಕದ ಆರಂಭದಲ್ಲಿ ಈ ಯುವಕ ಕರಿಯರ ಮೇಲೆ ಹಗೆ ಸಾಧಿಸುತ್ತಿದ್ದ ಬಿಳಿಯರ ಗುಪ್ತಕೂಟ ಕು ಕ್ಲುಕ್ಸ್ ಕ್ಲಾನ್‌ನ ಶಾಖೆ ತೆರೆಯಲು ಗೆಳೆಯರು, ಪರಿಚಿತರು ಅಂತ 150 ಮಂದಿಯನ್ನು ಕಲೆಹಾಕಿದ. ತಲೆಗೆ 10 ಡಾಲರ್ ಸದಸ್ಯತ್ವ, ಬಿಳಿ ನಿಲುವಂಗಿ ಮತ್ತು ಮುಸುಕಿಗೆ 3 ಡಾಲರ್, ವಸೂಲಿಯೂ ಅವನದೇ. ಶಾಖೆಯ ಮುಖಂಡನಾಗಿ ಅವನನ್ನು ಆರಿಸುವಾಗ ಒಂದೂ ವಿರೋಧ ಮತವಿಲ್ಲ. ಬರ್ಡ್ ಗೆದ್ದ ಮೊಟ್ಟಮೊದಲ ಚುನಾವಣೆ ಇದೇ. ಸಂಘಟನೆಯ ಹಿರಿಯನೊಬ್ಬ ಆ ರಾತ್ರಿ ಬೆನ್ನು ತಟ್ಟಿ, ನಿನ್ನಲ್ಲಿ ನಾಯಕನ ಗುಣವಿದೆ ಎಂದದ್ದೇ ತನ್ನನ್ನು ರಾಜಕೀಯಕ್ಕೆ ಎಳೆದದ್ದು ಎಂದು ಬರ್ಡ್ ತಾವೇ ಬರೆದುಕೊಂಡಿದ್ದಾರೆ. ಎಷ್ಟೋ ಜನರ ಬದುಕಿನಲ್ಲಿ ಇಂಥ ಮಾತನ್ನು ಯಾರೋ ಪುಣ್ಯಾತ್ಮರು ಆಡಿರುತ್ತಾರೆ. ಇವರಿಗೆ ಅದನ್ನು ಆಡಿದವನು ಮುಸುಕುಧಾರಿ.

1946ರಲ್ಲಿ ವೆಸ್ಟ್ ವರ್ಜೀನಿಯಾದ ಕೆಳಮನೆಗೆ ಆಯ್ಕೆ. ಪ್ರಚಾರದ ಬಂಡವಾಳ ಒಂದು ಪಿಟೀಲು. ಸಭೆಗೆ ಹೋಗುವುದು, ಬೆಟ್ಟದ ಸೀಮೆಯ ಧಾಟಿಯಲ್ಲಿ ಬಾರಿಸುವುದು, ಹಾಡುವುದು, ಮತ ಕೇಳುವುದು. (1978ರಲ್ಲಿ, ಸೆನೆಟ್‌ನ ಬಹುಮತದ ನಾಯಕರಾಗಿದ್ದಾಗಲೇ, ಇದೇ ಪಿಟೀಲು ವಾದನದ ಗ್ರಾಮಫೋನ್ ತಟ್ಟೆಯನ್ನೂ ಹೊರತಂದರು.) ಆಮೇಲಿನದ್ದನ್ನು ಒಂದೇ ಉಸಿರಿಗೆ ಹೇಳಿಬಿಡಬಹುದು: ರಾಜ್ಯದ ಕೆಳಮನೆಗೆ ಎರಡು ಸಲ, ಮೇಲ್ಮನೆಗೆ ಒಂದು ಸಲ, ವಾಷಿಂಗ್ಟನ್ನಿನ ಕೆಳಮನೆಗೆ ಮೂರು ಸಲ, ಸೆನೆಟ್‌ಗೆ ಒಂಬತ್ತು ಸಲ. ಹದಿನೈದಕ್ಕೆ ಹದಿನೈದು. 1976ರಲ್ಲಿ ಎದುರು ಪಕ್ಷಕ್ಕೆ ಅಭ್ಯರ್ಥಿಯೇ ಇರಲಿಲ್ಲ. 2000ದಲ್ಲಿ ರಾಜ್ಯದ 55 ಕೌಂಟಿಗಳಲ್ಲಿ 55ರಲ್ಲೂ ಮುನ್ನಡೆ. ನಮ್ಮ ರಾಜ್ಯಸಭೆಯಂತಲ್ಲ, ಅಲ್ಲಿ ಮೇಲ್ಮನೆಗೂ ಜನರೇ ನೇರವಾಗಿ ಮತ ಹಾಕುತ್ತಾರೆ, ಆರು ವರ್ಷಕ್ಕೊಮ್ಮೆ.

ಓದು ಮಾತ್ರ ನಿಧಾನದ್ದು. ಸಂಸತ್ ಸದಸ್ಯನಾದ ಮೇಲೆ ರಾತ್ರಿ ಕಾಲೇಜಿಗೆ ಸೇರಿ, ಹಗಲು ಕಾನೂನು ಮಾಡುತ್ತಾ, ರಾತ್ರಿ ಕಾನೂನು ಓದುತ್ತಾ ಹತ್ತು ವರ್ಷ ಎಳೆದರು. 1963ರ ಜೂನ್ 10ರಂದು ಅಮೆರಿಕನ್ ಯೂನಿವರ್ಸಿಟಿಯ ಘಟಿಕೋತ್ಸವ. ಭಾಷಣಕ್ಕೆ ಬಂದಿದ್ದವರು ಅಧ್ಯಕ್ಷ ಕೆನಡಿ. ನನ್ನ ಹಳೆಯ ಸಹೋದ್ಯೋಗಿ ಬಾಬ್ ಬರ್ಡ್ ಎಷ್ಟೋ ವರ್ಷ ರಾತ್ರಿ ಶಾಲೆಗೆ ಹೋಗಿ ಪದವಿ ಗಳಿಸಿದ್ದಾರೆ, ನಾನು ನನ್ನದನ್ನು ಮುಂದಿನ ಮೂವತ್ತು ನಿಮಿಷದಲ್ಲಿ ಗಳಿಸುತ್ತೇನೆ ಎಂಬರ್ಥದ ಚಟಾಕಿಯಿಂದಲೇ ಮಾತು ಶುರುಮಾಡಿದರು. ಬಿ.ಎ. ಪದವಿ ಬಂದದ್ದು ಇನ್ನೂ ತಡವಾಗಿ, 1994ರಲ್ಲಿ. ಹೈಸ್ಕೂಲು ಬಿಟ್ಟು ಸರಿಯಾಗಿ 60 ವರ್ಷಕ್ಕೆ.

ಆ ಘಟಿಕೋತ್ಸವದ ತಾರೀಖು ನೆನಪಿರಲಿ, ಜೂನ್ 10. ಮರುವರ್ಷ ಅದೇ ದಿನಕ್ಕೆ ಬನ್ನಿ.

ಕೆನಡಿ ಹತರಾಗಿದ್ದಾರೆ. ಕರಿಯರಿಗೆ ಹೋಟೆಲು, ಶಾಲೆ, ಉದ್ಯೋಗದಲ್ಲಿ ಸಮಾನ ಹಕ್ಕು ಕೊಡುವ 1964ರ ನಾಗರಿಕ ಹಕ್ಕುಗಳ ಮಸೂದೆ ಸೆನೆಟ್‌ನಲ್ಲಿ ಸಿಕ್ಕಿಕೊಂಡಿದೆ. ಅಲ್ಲಿ ಸದಸ್ಯ ನಿಂತು ಮಾತಾಡುತ್ತಲೇ ಇದ್ದರೆ ಯಾರೂ ಕೂರಿಸುವಂತಿಲ್ಲ. ಮಸೂದೆ ಮತಕ್ಕೆ ಬರುವುದೇ ಇಲ್ಲ. ಫಿಲಿಬಸ್ಟರ್ ಎನ್ನುತ್ತಾರೆ. ದಕ್ಷಿಣದ ಸದಸ್ಯರು ಪಾಳಿ ಹಾಕಿಕೊಂಡು 60 ಕಾರ್ಯದಿನ ಹೀಗೆ ತಳ್ಳಿದ್ದರು. ಕೊನೆಯ ಪಾಳಿ ಬರ್ಡ್ ಅವರದು. ಜೂನ್ 9ರ ಸಂಜೆ ಎದ್ದು ನಿಂತವರು ಮಾತು ಮುಗಿಸಿದ್ದು ಜೂನ್ 10ರ ಬೆಳಿಗ್ಗೆ 9 ಗಂಟೆ 51 ನಿಮಿಷಕ್ಕೆ. ಒಟ್ಟು 14 ಗಂಟೆ 13 ನಿಮಿಷ. ಕಾನೂನು ಪದವಿ ಕೈಗೆ ಬಂದು ಸರಿಯಾಗಿ ಒಂದು ವರ್ಷವಾಗಿತ್ತು.

ಅವರು ಕೂತ ಸ್ವಲ್ಪ ಹೊತ್ತಿಗೆ ಚರ್ಚೆ ನಿಲ್ಲಿಸಬೇಕೇ ಬೇಡವೇ ಎಂಬ ಮತದಾನ. ನೂರಕ್ಕೆ ನೂರು ಸದಸ್ಯರೂ ಇದ್ದಾರೆ, 67 ಮತ ಬೇಕು. ಗುಮಾಸ್ತ ಹೆಸರು ಕೂಗುತ್ತಾ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಹೆಸರಿಗೆ ಬಂದ. ಗಾಲಿಕುರ್ಚಿಯಲ್ಲಿ ಕರೆತಂದಿದ್ದರು, ಮಿದುಳಿನ ಗಡ್ಡೆ ಮಾತನ್ನು ಕಿತ್ತುಕೊಂಡಿತ್ತು. ಎರಡನೇ ಸಲ ಕೂಗಿದರೂ ಉತ್ತರವಿಲ್ಲ. ಎಂಗಲ್ ಕಷ್ಟಪಟ್ಟು ಕೈ ಎತ್ತಿ ತನ್ನ ಕಣ್ಣನ್ನು ಮುಟ್ಟಿ ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ಹೌದು ಎನ್ನುವ ಮತಕ್ಕೂ ಉಚ್ಚಾರ ಒಂದೇ: ಐ. ದಾಖಲೆಗೆ ಹೋಯಿತು. ಪರವಾಗಿ 71, ವಿರುದ್ಧ 29. ಬರ್ಡ್ ಆ 29ರಲ್ಲಿದ್ದರು. ಎಂಗಲ್ ಮುಂದಿನ ತಿಂಗಳೇ ತೀರಿಕೊಂಡರು.

ಹದಿನಾಲ್ಕು ಗಂಟೆ ನಿಂತ ಕಾಲುಗಳಿಗೂ ಒಂದು ಕ್ಷಣ ಮೇಲೆದ್ದ ಆ ಬೆರಳಿಗೂ ತೂಕ ಹಾಕಿದರೆ ನನ್ನ ತಕ್ಕಡಿ ಯಾವ ಕಡೆ ವಾಲುತ್ತದೆಂದು ಬೇರೆ ಹೇಳಬೇಕಿಲ್ಲ.

ಬರ್ಡ್ ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ. ಅಂಥವರು ಬೇಕಾದಷ್ಟು ಜನ ಇದ್ದರು. ಇವರು ನಿಯಮಗಳ ಪುಸ್ತಕವನ್ನು ಅರೆದು ಕುಡಿದರು. 1971ರಲ್ಲಿ ತಮ್ಮ ಡೆಮಾಕ್ರಟಿಕ್ ಪಕ್ಷದ ಸಚೇತಕ ಹುದ್ದೆಗೆ, ಅಧ್ಯಕ್ಷ ಕೆನಡಿಯ ತಮ್ಮ ಟೆಡ್ ಕೆನಡಿ ವಿರುದ್ಧ ನಿಂತು 31–24ರಲ್ಲಿ ಗೆದ್ದರು. ಗೆದ್ದ ಮತಗಳಲ್ಲಿ ಒಂದು, ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದ ಸೆನೆಟರ್ ರಿಚರ್ಡ್ ರಸೆಲ್ ಬದಲಿಯಾಗಿ ಕಳಿಸಿದ ಮತ. ರಸೆಲ್ ಅದೇ ದಿನ ತೀರಿಕೊಂಡರು. ಆಮೇಲೆ ಎರಡು ಸಲ ಬಹುಮತದ ನಾಯಕ, ನಡುವೆ ಆರು ವರ್ಷ ವಿರೋಧಿ ನಾಯಕ. ಬಜೆಟ್ ಮಸೂದೆಗೆ ಏನನ್ನು ತುರುಕಬಹುದು, ಏನನ್ನು ತುರುಕಬಾರದು ಎಂದು ಇವತ್ತಿಗೂ ಸೆನೆಟ್ ತೀರ್ಮಾನಿಸುವುದು ‘ಬರ್ಡ್ ನಿಯಮ’ದ ಮೇಲೆ.

ಹಾಜರಿಯ ಹುಚ್ಚು ಎಲ್ಲಿಗೆ ಮುಟ್ಟಿತ್ತು ಎಂಬುದಕ್ಕೆ 1988ರ ಫೆಬ್ರವರಿಯ ಒಂದು ರಾತ್ರಿ ಸಾಕು. ಚುನಾವಣಾ ಖರ್ಚಿಗೆ ಕಡಿವಾಣ ಹಾಕುವ ಮಸೂದೆ. ಈಗ ಫಿಲಿಬಸ್ಟರ್ ಮಾಡುತ್ತಿರುವವರು ರಿಪಬ್ಲಿಕನ್ನರು; ಬೇಸತ್ತು ಕೂತವರು ಬಹುಮತದ ನಾಯಕ ಬರ್ಡ್. ಕೋರಂ ಆಗಬಾರದೆಂದು ರಿಪಬ್ಲಿಕನ್ನರು ಸದನ ಬಿಟ್ಟು ಹೊರಗೆ ಅಡಗಿದರು. ಬರ್ಡ್ ನಿಯಮದ ಪುಸ್ತಕ ತೆಗೆದು, ಗೈರುಹಾಜರಾದವರನ್ನು ಬಂಧಿಸಿ ತನ್ನಿ ಎಂದು ಆಜ್ಞೆ ಹೊರಡಿಸಿದರು. 1942ರ ನಂತರ ಯಾರೂ ಮುಟ್ಟದ ಅಸ್ತ್ರ ಅದು. ಸದನದ ದಂಡಾಧಿಕಾರಿ ಮಧ್ಯರಾತ್ರಿ ಪೊಲೀಸರ ಜೊತೆ ಬಾಗಿಲು ಬಾಗಿಲು ಬಡಿಯುತ್ತಾ ಹೊರಟ. ಕಸ ಗುಡಿಸುವ ಹೆಂಗಸೊಬ್ಬಳು ಕೊಟ್ಟ ಸುಳಿವಿನ ಮೇಲೆ ಆರೆಗಾನ್‌ನ ಬಾಬ್ ಪ್ಯಾಕ್‌ವುಡ್ ತಮ್ಮ ಕಚೇರಿಯಲ್ಲೇ ಸಿಕ್ಕಿಬಿದ್ದರು. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿದ್ದರಂತೆ. ಸದನದ ಬಾಗಿಲವರೆಗೆ ನಡೆದು ಬಂದವರು ಅಲ್ಲಿ ಒಳಗೆ ಬರುವುದಿಲ್ಲವೆಂದು ಹಟ ಹಿಡಿದರು. ಪೊಲೀಸರು ಎತ್ತಿಕೊಂಡರು. ರಾತ್ರಿ ಒಂದೂಕಾಲರ ಸುಮಾರಿಗೆ ಅಮೆರಿಕದ ಸೆನೆಟರ್ ಒಬ್ಬರು ಕಾಲು ಮುಂದಾಗಿ, ಹೆಣ ತಂದಂತೆ, ಸದನ ಪ್ರವೇಶಿಸಿದರು. ಹಾಜರಿ ಬಿತ್ತು. ಮಸೂದೆ ಮಾತ್ರ ದಕ್ಕಲಿಲ್ಲ; ಚರ್ಚೆ ನಿಲ್ಲಿಸಲು ಎಂಟು ಸಲ ಮತಕ್ಕೆ ಹಾಕಿ ಎಂಟು ಸಲವೂ ಬರ್ಡ್ ಸೋತರು.

1989ರಲ್ಲಿ ನಾಯಕತ್ವ ಬಿಟ್ಟು ಅವರು ಆರಿಸಿಕೊಂಡದ್ದು ಹಣ ಮಂಜೂರಾತಿ ಸಮಿತಿಯ ಅಧ್ಯಕ್ಷತೆ. ದೇಶದ ಖಜಾನೆಯ ಬೀಗದಕೈ ಅಂದುಕೊಳ್ಳಿ. ನೂರು ಕೋಟಿ ಡಾಲರ್ ತನ್ನ ರಾಜ್ಯಕ್ಕೆ ತರುತ್ತೇನೆಂದು ಬಹಿರಂಗವಾಗಿಯೇ ಹೇಳಿದರು, ತಂದರು, ಅದನ್ನೂ ದಾಟಿದರು. ಕ್ಷೇತ್ರಕ್ಕೆ ಹೀಗೆ ಸುರಿಯುವ ಸರ್ಕಾರಿ ದುಡ್ಡಿಗೆ ಅಮೆರಿಕನ್ನರ ಆಡುಮಾತು ಹಂದಿಮಾಂಸ. ಸರ್ಕಾರದ ದುಂದಿನ ಮೇಲೆ ಕಣ್ಣಿಟ್ಟ ಕಾವಲು ಸಂಸ್ಥೆಯೊಂದು ಇವರಿಗೆ ಹಂದಿಮಾಂಸದ ರಾಜ ಎಂಬ ಬಿರುದು ಕೊಟ್ಟಿತು. ಬರ್ಡ್ ಬೇಸರಪಟ್ಟುಕೊಳ್ಳಲಿಲ್ಲ. ವೆಸ್ಟ್ ವರ್ಜೀನಿಯಾ ಎಂದರೆ ಕರ್ನಾಟಕದ ಮೂರನೇ ಒಂದು ಭಾಗದಷ್ಟು ನೆಲ, ಹದಿನೆಂಟು ಲಕ್ಷ ಜನ. ಆ ಪುಟ್ಟ ಜಾಗದಲ್ಲಿ ಹೆದ್ದಾರಿ, ಸೇತುವೆ, ನ್ಯಾಯಾಲಯ, ಅಣೆಕಟ್ಟು, ಆರೋಗ್ಯ ಕೇಂದ್ರ ಅಂತ ಐವತ್ತಕ್ಕೂ ಹೆಚ್ಚು ಕಡೆ ರಾಬರ್ಟ್ ಸಿ. ಬರ್ಡ್ ಎಂಬ ಫಲಕ. ಎಫ್‌ಬಿಐನ ಬೆರಳಚ್ಚು ವಿಭಾಗವೇ ವಾಷಿಂಗ್ಟನ್ನಿನಿಂದ ಕಿತ್ತು ಕ್ಲಾರ್ಕ್ಸ್‌ಬರ್ಗ್ ಎಂಬ ಊರಿಗೆ ಬಂತು. ಬದುಕಿದ್ದಾಗಲೇ ರಾಜ್ಯದ ಶಾಸನಭವನದಲ್ಲಿ ಅವರ ಪ್ರತಿಮೆ ನಿಂತಿತು.

ಫಲಕಗಳಲ್ಲೆಲ್ಲ ದೊಡ್ಡದು ಗ್ರೀನ್ ಬ್ಯಾಂಕ್ ಕಣಿವೆಯಲ್ಲಿದೆ. ಅಲ್ಲಿನ 300 ಅಡಿ ಅಗಲದ ಹಳೆಯ ರೇಡಿಯೊ ದೂರದರ್ಶಕ 1988ರ ನವೆಂಬರ್ 15ರ ರಾತ್ರಿ 9.43ಕ್ಕೆ ಇದ್ದಕ್ಕಿದ್ದಂತೆ ಕುಸಿದು ಗುಜರಿಯಾಯಿತು. ಎರಡು ತಿಂಗಳು ಕಳೆಯುವುದರೊಳಗೆ ಖಜಾನೆಯ ಬೀಗದಕೈ ಬರ್ಡ್ ಕೈಗೆ ಬಂದಿತ್ತು. 2000ದ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಹೊಸ ದೂರದರ್ಶಕದ ತಟ್ಟೆ 100 ಮೀಟರ್ ಅಗಲ, 110 ಮೀಟರ್ ಉದ್ದ. ಹರಡಿದರೆ ಎರಡೂಕಾಲು ಎಕರೆ ಮೀರುತ್ತದೆ. 2,004 ಹಲಗೆಗಳನ್ನು ಜೋಡಿಸಿದ ಮೈ. ಎತ್ತರ 485 ಅಡಿ. ಸ್ವಾತಂತ್ರ್ಯದೇವಿ ಪ್ರತಿಮೆಯ ತಲೆ ಎಲ್ಲೋ ಕೆಳಗೆ. ತೂಕ ಏಳೂವರೆ ಸಾವಿರ ಟನ್ನಿಗೂ ಹೆಚ್ಚು. ಇಷ್ಟೆಲ್ಲ ಭಾರ ಹೊತ್ತು ಇದು ಗಾಲಿಗಳ ಮೇಲೆ ತಿರುಗಿ ಆಕಾಶದ ಬೇಕಾದ ದಿಕ್ಕಿಗೆ ಮುಖ ಮಾಡುತ್ತದೆ. ಹೀಗೆ ಎತ್ತ ಬೇಕಾದರೂ ತಿರುಗಬಲ್ಲ ರೇಡಿಯೊ ದೂರದರ್ಶಕಗಳಲ್ಲಿ ಜಗತ್ತಿಗೇ ದೊಡ್ಡದು. ಸುತ್ತಲ 13,000 ಚದರ ಮೈಲಿಯಲ್ಲಿ ರೇಡಿಯೊ ಪ್ರಸಾರಕ್ಕೆ ಕಟ್ಟುಪಾಡು, ಇದರ ಕಿವಿಗೆ ಅಡ್ಡಿಯಾಗಬಾರದೆಂದು. ಹದಿನಾಲ್ಕು ಗಂಟೆ ಎಡೆಬಿಡದೆ ಮಾತಾಡಿದವನ ಹೆಸರು ಹೊತ್ತ ಯಂತ್ರ ಒಂದೂ ಮಾತಾಡದೆ ಬರೀ ಕೇಳಿಸಿಕೊಳ್ಳುತ್ತಾ ಕೂತಿದೆ.

ಇಷ್ಟೆಲ್ಲ ತಂದು ಸುರಿದರೂ ಒಂದು ಸಂಖ್ಯೆ ಅವರ ಮಾತು ಕೇಳಲಿಲ್ಲ. 1950ರ ಜನಗಣತಿಯಲ್ಲಿ ವೆಸ್ಟ್ ವರ್ಜೀನಿಯಾದ ಜನಸಂಖ್ಯೆ 20 ಲಕ್ಷ ದಾಟಿತ್ತು. 2010ರಲ್ಲಿ ಹದಿನೆಂಟೂವರೆ ಲಕ್ಷ. ಅಷ್ಟರಲ್ಲಿ ದೇಶದ ಜನಸಂಖ್ಯೆ ದುಪ್ಪಟ್ಟಾಗಿತ್ತು. ಗಣಿಯೊಳಗೆ ಯಂತ್ರ ಇಳಿದವು, ಲಕ್ಷಕ್ಕೂ ಮೇಲಿದ್ದ ಕಲ್ಲಿದ್ದಲು ಕೂಲಿಗಳು ಇಪ್ಪತ್ತು ಸಾವಿರದ ಆಸುಪಾಸಿಗೆ ಬಂದರು, ಮಕ್ಕಳು ಬರ್ಡ್ ಹಾಕಿಸಿದ ಹೆದ್ದಾರಿ ಹಿಡಿದು ಊರು ಬಿಟ್ಟರು.

ಮತಗಳ ರಾಶಿಯಲ್ಲಿ ಅವರೇ ಕೈಯಿಟ್ಟು ಇದು ಕೆಟ್ಟದ್ದು, ಇದು ಒಳ್ಳೆಯದು ಎಂದು ಆರಿಸಿದ್ದೂ ಉಂಟು. ನಾಗರಿಕ ಹಕ್ಕುಗಳ ವಿರುದ್ಧ ಹಾಕಿದ್ದಕ್ಕೆ ಪಶ್ಚಾತ್ತಾಪಪಟ್ಟರು. ಕ್ಲಾನ್ ಸೇರಿದ್ದಕ್ಕೆ ಮತ್ತೆ ಮತ್ತೆ ಕ್ಷಮೆ ಕೇಳಿದರು. ಸುಪ್ರೀಂ ಕೋರ್ಟಿಗೆ ಬಂದ ಮೊದಲ ಇಬ್ಬರು ಕರಿಯ ನ್ಯಾಯಮೂರ್ತಿಗಳು, 1967ರ ಥರ್ಗುಡ್ ಮಾರ್ಷಲ್ ಮತ್ತು 1991ರ ಕ್ಲಾರೆನ್ಸ್ ಥಾಮಸ್, ಇಬ್ಬರ ವಿರುದ್ಧವೂ ಮತ ಹಾಕಿದ ಏಕೈಕ ಸೆನೆಟರ್ ಇವರು, ಅದೂ ದಾಖಲೆಯೇ. ವಿಯೆಟ್ನಾಂ ಯುದ್ಧಕ್ಕೆ ಬಾಗಿಲು ತೆರೆದ 1964ರ ಟಾಂಕಿನ್ ಕೊಲ್ಲಿಯ ನಿರ್ಣಯಕ್ಕೆ 88–2ರಲ್ಲಿ 88ರ ಕಡೆ ಇದ್ದರು, ಅದಕ್ಕೂ ಕೊರಗಿದರು. ಹಾಗಾಗಿ 2002ರ ಅಕ್ಟೋಬರ್‌ನಲ್ಲಿ ಇರಾಕ್ ಯುದ್ಧದ ನಿರ್ಣಯ ಬಂದಾಗ, ಕೈ ನಡುಗುತ್ತಿದ್ದ ಎಂಬತ್ತನಾಲ್ಕರ ಮುದುಕ ಸದನದಲ್ಲಿ ಗುಡುಗಿದ್ದೇ ಗುಡುಗಿದ್ದು. 77–23ರಲ್ಲಿ ಸೋತರು. ತನ್ನ ಹದಿನೆಂಟು ಸಾವಿರ ಮತಗಳಲ್ಲಿ ತನಗೆ ಅತ್ಯಂತ ಹೆಮ್ಮೆಯದು ಇದೇ ಎಂದರು. ಕ್ಷಮಿಸುವುದು, ಬಿಡುವುದು ಯಾರನ್ನು ನೋಯಿಸಿದರೋ ಅವರಿಗೆ ಸೇರಿದ್ದು. ನಾನು ಇಷ್ಟು ಹೇಳಬಲ್ಲೆ: 2008ರ ಮೇ ತಿಂಗಳಲ್ಲಿ ತನ್ನ ರಾಜ್ಯದ ಪಕ್ಷದವರು ಒಬಾಮಾ ಅವರನ್ನು 41 ಅಂಶಗಳ ಅಂತರದಲ್ಲಿ ತಿರಸ್ಕರಿಸಿ ವಾರ ಕಳೆಯುವುದರೊಳಗೆ ಬರ್ಡ್ ಒಬಾಮಾಗೆ ಬೆಂಬಲ ಘೋಷಿಸಿದರು.

ಕೊನೆಗೆ 2009ರ ಡಿಸೆಂಬರ್. ಆರೋಗ್ಯ ವಿಮೆ ಮಸೂದೆ. ಚರ್ಚೆ ನಿಲ್ಲಿಸಲು ಈಗ ಬೇಕಾದದ್ದು 60 ಮತ, ಡೆಮಾಕ್ರಟಿಕ್ ಪಾಳಯದಲ್ಲಿ ಇದ್ದವರು ಸರಿಯಾಗಿ 60. ಒಬ್ಬರು ತಪ್ಪಿದರೂ ಮುಗಿಯಿತು. ಮಂಜು ಮುಚ್ಚಿದ ವಾಷಿಂಗ್ಟನ್ನಿನಲ್ಲಿ ರಾತ್ರಿ ಒಂದು ಗಂಟೆಗೆ ಮತದಾನ ಇಟ್ಟರು. 92ರ ಬರ್ಡ್ ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. 24ರ ಮುಂಜಾನೆ ಅಂತಿಮ ಮತಕ್ಕೂ ಬಂದರು. 1964ರಲ್ಲಿ ತಮ್ಮನ್ನು ಸೋಲಿಸಲು ಎಂಗಲ್ ಅವರನ್ನು ತಳ್ಳಿಕೊಂಡು ಬಂದದ್ದು ಇದೇ ಸದನಕ್ಕೆ. ಗುಮಾಸ್ತ ಹೆಸರು ಕೂಗಿದ. ಬರೀ ಹೌದು ಎನ್ನಬೇಕಿದ್ದ ಜಾಗದಲ್ಲಿ ಬರ್ಡ್, ಇದು ನನ್ನ ಗೆಳೆಯ ಟೆಡ್ ಕೆನಡಿಗೆ ಎಂದು ಕೂಗಿ, ಆಮೇಲೆ ಐ ಎಂದರು. ಟೆಡ್ ಕೆನಡಿ, 1971ರಲ್ಲಿ ಇವರೆದುರು ಸೋತವರು, ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದರು. 60–39.

ಆರು ತಿಂಗಳ ಬಳಿಕ ಬರ್ಡ್ ಪಾರ್ಥಿವ ಶರೀರವನ್ನು ಸೆನೆಟ್ ಸದನದೊಳಗೇ ಇರಿಸಿ ಗೌರವ ಸಲ್ಲಿಸಿದರು. ಚಾರ್ಲ್ಸ್‌ಟನ್ನಿನ ಶೋಕಸಭೆಯಲ್ಲಿ ಮಾತಾಡಿದವರಲ್ಲಿ ಅಧ್ಯಕ್ಷ ಒಬಾಮಾ ಇದ್ದರು. ಎರಡೂ ಸದನ ಸೇರಿ ಬರ್ಡ್ ಬರೆದ ದಾಖಲೆ ಆಮೇಲೆ ಮೂರು ವರ್ಷವೂ ನಿಲ್ಲಲಿಲ್ಲ. 2013ರ ಜೂನ್ 7ರಂದು ಮಿಷಿಗನ್ನಿನ ಜಾನ್ ಡಿಂಗೆಲ್ ಮುರಿದರು. ಐವತ್ತಕ್ಕೂ ಹೆಚ್ಚು ಫಲಕಗಳಿದ್ದ ವೆಸ್ಟ್ ವರ್ಜೀನಿಯಾದಲ್ಲಿ 2010ರ ಜುಲೈ 6ರಂದು ಅವರಿಗೆ ಗುಂಡಿ ತೋಡಲಿಲ್ಲ. ಮಣ್ಣು ಮಾಡಿದ್ದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ, ಸಂಸತ್ ಭವನದಿಂದ ಹೊಳೆ ದಾಟಿದರೆ ಸಿಗುವ ಊರಿನಲ್ಲಿ. 68 ವರ್ಷ 10 ತಿಂಗಳು ಸಂಸಾರ ಮಾಡಿದ ಎರ್ಮಾ ನಾಲ್ಕು ವರ್ಷ ಮೊದಲೇ ಅಲ್ಲಿ ಮಲಗಿದ್ದರು.